ಕಾರು ಎತ್ತುವ ಮುಂಚೆ ನೆಲ ನೋಡಿ: ಮನೆ ಗ್ಯಾರೇಜಿಗೆ ಯಾವ ಲಿಫ್ಟ್ ಸರಿ?

ಕಾರವಾರದ ಕಾರಿನ ನಿಜವಾದ ವಯಸ್ಸು ತಿಳಿಯಬೇಕಾದರೆ ಅದರ ಹೊಟ್ಟೆಯಡಿ ಇಣುಕಬೇಕು. ಮೇಲೆ ಪಾಲಿಶ್ ಫಳಫಳ ಹೊಳೆಯುತ್ತಿರುತ್ತದೆ, ಕೆಳಗೆ ಸೈಲೆನ್ಸರ್ ಹಪ್ಪಳದ ಹಾಗೆ ಉದುರುತ್ತಿರುತ್ತದೆ. ಸಮುದ್ರದ ಉಪ್ಪುಗಾಳಿ, ವರ್ಷಕ್ಕೆ ಸುಮಾರು 3000 ಮಿಲಿಮೀಟರ್ ಮಳೆ, ರಸ್ತೆಯ ಕೆಂಪು ರಾಡಿ. ಮೂರೂ ಸೇರಿ ಬ್ರೇಕ್ ಪೈಪು, ಸಸ್ಪೆನ್ಷನ್ ಬೋಲ್ಟು, ತಗಡು ಎಲ್ಲವನ್ನೂ ಸದ್ದಿಲ್ಲದೆ ತಿನ್ನುತ್ತವೆ. ಹಾಗಾಗಿ ಸ್ಪ್ಯಾನರ್ ಹಿಡಿದು ಅಭ್ಯಾಸ ಇರುವ ಯಾರಿಗೇ ಆದರೂ ಮನೆಯಲ್ಲೇ ಒಂದು ಲಿಫ್ಟ್ ಇದ್ದಿದ್ದರೆ ಅಂತ ಅನಿಸದೇ ಇರದು. ನನಗೂ ಅನಿಸಿತ್ತು.

ಆದರೆ ನನ್ನ ಮೊದಲ 'ಲಿಫ್ಟ್' ಎರಡು ಚಿರೆಕಲ್ಲು, ಅಂದರೆ ಗೋಡೆ ಕಟ್ಟುವ ಕೆಂಪು ಮುರಕಲ್ಲು. ಆಗ ನಮ್ಮ ಮನೆಯಲ್ಲಿ ಓಮ್ನಿ ಇತ್ತು. ಸೈಲೆನ್ಸರ್ ಕ್ಲ್ಯಾಂಪ್ ಬದಲಿಸಬೇಕಿತ್ತು. ಗಾಡಿಯ ಜೊತೆ ಬಂದ ಜಾಕ್‌ನಲ್ಲಿ ಒಂದು ಬದಿ ಎತ್ತಿದೆ, ಕಂಪೌಂಡಿಗೆ ತಂದು ಉಳಿದಿದ್ದ ಎರಡು ಕಲ್ಲನ್ನು ಒಂದರ ಮೇಲೊಂದು ಇಟ್ಟೆ, ಜಾಕ್ ಇಳಿಸಿದೆ. ಗಟ್ಟಿಯಾಗಿ ಕೂತಿತು. ಹಿಂದಿನ ರಾತ್ರಿ ಮಳೆ ಬಂದಿತ್ತು, ಕಲ್ಲು ಒಳಗಿನವರೆಗೂ ನೀರು ಕುಡಿದಿತ್ತು. ಅದು ನನ್ನ ತಲೆಗೆ ಹೋಗಲೇ ಇಲ್ಲ. ಹತ್ತು ನಿಮಿಷ ಆಗಿರಬೇಕು, ಚಕ್ಕುಲಿ ಮುರಿದ ಹಾಗೆ ಸಣ್ಣ ಸದ್ದು. ಇನ್ನೊಂದು ಸದ್ದು. ನಾನು ಕೈ ಎಳೆದುಕೊಳ್ಳುವಷ್ಟರಲ್ಲಿ ಗಾಡಿ ಧಡ್ ಅಂತ ಇಳಿದು, ನಾನು ಸುಮ್ನೆ ಬದಿಗೆ ಇರಲಿ ಅಂತ ಗಾಡಿಯಡಿ ಮಲಗಿಸಿದ್ದ ಸ್ಟೆಪ್ನಿ ಮೇಲೆ ಕೂತಿತು. ಆ ಟಯರ್ ಅಲ್ಲಿ ಇರದಿದ್ದರೆ ಈ ಬರಹ ಬರೆಯುವ ಕೈ ಬೇರೆ ಯಾರದ್ದೋ ಆಗಿರುತ್ತಿತ್ತು. ಎದ್ದು ನೋಡಿದರೆ ಮೇಲಿನ ಕಲ್ಲು ನಡುವೆ ಸೀಳಿತ್ತು. ಒಳಗೆಲ್ಲ ತೇವ, ಬೆರಳಲ್ಲಿ ಉಜ್ಜಿದರೆ ಕೆಂಪು ಹಿಟ್ಟು.

ಚಿರೆಕಲ್ಲು ಗೋಡೆಗೆ ಒಳ್ಳೆಯದು, ಯಾಕೆಂದರೆ ಅಲ್ಲಿ ಭಾರ ಇಡೀ ಕಲ್ಲಿನ ಮೇಲೆ ಸಮವಾಗಿ ಹರಡುತ್ತದೆ. ಕಾರಿನ ಚಾಸಿಸ್ ಒಂದೇ ಬಿಂದುವಿನಲ್ಲಿ ಒತ್ತುತ್ತದೆ. ಇಟ್ಟಿಗೆ, ಸಿಮೆಂಟ್ ಬ್ಲಾಕ್ ಕೂಡ ಹಾಗೆಯೇ, ಬಾಗುವುದಿಲ್ಲ, ಎಚ್ಚರಿಸುವುದಿಲ್ಲ, ಒಮ್ಮೆಲೇ ಸಿಡಿಯುತ್ತವೆ.

ಅವತ್ತಿನಿಂದ ಲಿಫ್ಟ್ ವಿಚಾರದಲ್ಲಿ ನಾನು ಎರಡೇ ಪ್ರಶ್ನೆ ಕೇಳುತ್ತೇನೆ. ಕೆಳಗೆ ನೆಲ ಏನು? ಕಾರು ಕೊನೆಗೆ ಯಾವುದರ ಮೇಲೆ ಕೂರುತ್ತದೆ, ಎಣ್ಣೆಯ ಮೇಲೋ ಕಬ್ಬಿಣದ ಮೇಲೋ? ಹೈಡ್ರಾಲಿಕ್ ಎಣ್ಣೆ ಎತ್ತುವುದಕ್ಕೆ ಮಾತ್ರ. ಹೊರುವುದು ಕಬ್ಬಿಣದ ಕೆಲಸ. ಸೀಲ್ ಒಂದು ಸೋರಿದರೆ, ಹೋಸ್ ಒಂದು ಒಡೆದರೆ ಎಣ್ಣೆಗೆ ಹೇಳುವವರು ಕೇಳುವವರು ಇಲ್ಲ. ಅಗ್ಗದ ಜಾಕ್‌ನಿಂದ ದುಬಾರಿ ಲಿಫ್ಟ್‌ವರೆಗೆ ಈ ಮಾತು ಒಂದೇ.

ಮೊದಲು ನೆಲ

ಹೆಚ್ಚಿನವರು ಮೊದಲು ಲಿಫ್ಟ್ ನೋಡಿ, ರೇಟು ಕೇಳಿ, ಆಮೇಲೆ ಎಲ್ಲಿ ಇಡೋದು ಅಂತ ಯೋಚಿಸುತ್ತಾರೆ. ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿ ಇದನ್ನು ತಿರುವುಮುರುವು ಮಾಡಬೇಕು. ಇಲ್ಲಿನ ಮನೆ ಅಂಗಳಗಳ ಕಥೆ ಒಂದೊಂದು ಕಡೆ ಒಂದೊಂದು. ಕರಾವಳಿಯ ಎಷ್ಟೋ ಮನೆಗಳು ಗದ್ದೆಗೋ, ಉಪ್ಪುನೀರು ನುಗ್ಗುವ ಗಜನಿ ಗದ್ದೆಗೋ ಕೆಂಪು ಮಣ್ಣು ತುಂಬಿಸಿ ಎಬ್ಬಿಸಿದ ಜಾಗದಲ್ಲಿವೆ. ಸಮುದ್ರದ ಪಕ್ಕದ ಮನೆಗಳ ಕೆಳಗೆ ಉಸುಕು. ಘಟ್ಟದ ಮೇಲೆ ಶಿರಸಿ, ಸಿದ್ದಾಪುರದ ಕಡೆ ಗುಡ್ಡ ಕಡಿದು ಸಮ ಮಾಡಿದ ಅಂಗಳ. ಅದರ ಅರ್ಧ ಗಟ್ಟಿ ನೆಲ, ಇನ್ನರ್ಧ ಅಲ್ಲಿಂದಲೇ ತೆಗೆದು ಮುಂದೆ ಚೆಲ್ಲಿದ ಮಣ್ಣು. ಕಾರ್ ಶೆಡ್ ಸಾಮಾನ್ಯವಾಗಿ ಆ ಚೆಲ್ಲಿದ ಮಣ್ಣಿನ ಮೇಲೇ ಬರುತ್ತದೆ, ಗಟ್ಟಿ ಜಾಗವನ್ನು ಮನೆ ತೆಗೆದುಕೊಂಡಿರುತ್ತದಲ್ವಾ.

ಅದರ ಮೇಲೆ ಏನು ಹಾಕಿದ್ದಾರೆ ಎನ್ನುವುದು ಮುಂದಿನ ಪ್ರಶ್ನೆ. ಇಂಟರ್‌ಲಾಕ್ ಹಾಕಿದ್ದರೆ ಅದು ನೆಲವೇ ಅಲ್ಲ, ಉಸುಕಿನ ಮೇಲೆ ಜೋಡಿಸಿದ ಬಿಸ್ಕತ್ತು. ಟೈಲ್ಸ್ ಇದ್ದರೆ ಅದರ ಕೆಳಗಿನ ಗಾರೆಯಲ್ಲಿ ಎಲ್ಲೆಲ್ಲಿ ಪೊಳ್ಳು ಇದೆಯೋ ಯಾರಿಗೂ ಗೊತ್ತಿರುವುದಿಲ್ಲ. ಸುತ್ತಿಗೆಯ ಹಿಡಿಯಿಂದ ಕುಟ್ಟುತ್ತಾ ಹೋಗಿ, ಟಣ್ ಎನ್ನುವ ಕಡೆ ಟಪ್ ಅಂದರೆ ಅಲ್ಲಿ ಪೊಳ್ಳು. ಸಿಮೆಂಟ್ ನೆಲ ಇದ್ದರೆ ಮೂಲೆಯಲ್ಲಿ ಒಂದು ಸಣ್ಣ ತೂತು ಕೊರೆದು ಎಷ್ಟು ದಪ್ಪ ಅಂತ ತಂತಿ ಇಳಿಸಿ ನೋಡಿ. 'ಆರು ಇಂಚು ಹಾಕಿದ್ದೇವೆ ಸರ್' ಎನ್ನುವ ಮಾತಿಗೂ ತಂತಿಗೂ ಬಹಳ ಸಲ ತಾಳೆಯಾಗುವುದಿಲ್ಲ. ನಮ್ಮ ಶೆಡ್‌ನಲ್ಲಿ ಎರಡೂವರೆ ಇಂಚು ಸಿಕ್ಕಿತು, ಕೆಳಗೆ ಚಿರೆಕಲ್ಲಿನ ಚೂರು.

ಎರಡೂವರೆ ಇಂಚಿನ ನೆಲದ ಮೇಲೆ ಚಕ್ರದ ಮೇಲೆ ಉರುಳುವ ಟ್ರಾಲಿ ಜಾಕ್, ಎತ್ತಿದ ಕಾರನ್ನು ಹೊರುವ ಕಬ್ಬಿಣದ ಸ್ಟ್ಯಾಂಡ್ ನಡೆಯುತ್ತದೆ. ತಗ್ಗು ಪೋರ್ಟಬಲ್ ಲಿಫ್ಟ್ ಕೂಡ ನಡೆಯುತ್ತದೆ. ಎರಡು ಕಂಬದ ಲಿಫ್ಟ್ ಮಾತೇ ಬೇಡ.

ಜಾಕ್ ಮತ್ತು ಸ್ಟ್ಯಾಂಡ್: ಬಡವರ ಲಿಫ್ಟ್ ಅಂತ ನಗಬೇಡಿ

ಆಯಿಲ್ ಬದಲಿಸುವುದು, ಬ್ರೇಕ್ ಪ್ಯಾಡ್, ಮಳೆಗಾಲಕ್ಕೆ ಮುಂಚೆ ಅಡಿಗೆ ತುಕ್ಕು ನಿರೋಧಕ ಬಳಿಯುವುದು. ಮನೆಯಲ್ಲಿ ಮಾಡುವ ಕೆಲಸದಲ್ಲಿ ಹತ್ತಕ್ಕೆ ಎಂಟು ಇಷ್ಟೇ. ಇದಕ್ಕೆ ಮೂರು ಟನ್‌ನ ಒಂದು ಒಳ್ಳೆಯ ಟ್ರಾಲಿ ಜಾಕ್, ನಾಲ್ಕು ಸ್ಟ್ಯಾಂಡ್, ಒಂದು ಜೊತೆ ಚಕ್ರದ ಅಡೆ ಸಾಕು. ಗಾಡಿಯ ಜೊತೆ ಬರುವ ಕತ್ತರಿ ಜಾಕ್ ರಸ್ತೆ ಬದಿ ಟಯರ್ ಬದಲಿಸಲಿಕ್ಕೆ ಮಾತ್ರ, ಅದರ ಭರವಸೆಯ ಮೇಲೆ ಬೆರಳನ್ನೂ ಒಳಗೆ ಹಾಕಬಾರದು.

ಸ್ಟ್ಯಾಂಡ್ ಕೊಳ್ಳುವಾಗ ಎರಡು ವಿಷಯ. ಅದರ ಮೇಲೆ ಬರೆದ ಟನ್ ಲೆಕ್ಕ ಒಂದು ಸ್ಟ್ಯಾಂಡಿಗೋ ಜೋಡಿಗೋ ಅಂತ ಓದಿ, ಎರಡೂ ರೀತಿ ಮಾರುತ್ತಾರೆ. ಎರಡನೆಯದು, ಹಲ್ಲು ಮತ್ತು ಕೊಕ್ಕೆಯಿಂದ ನಿಲ್ಲುವ ಸ್ಟ್ಯಾಂಡಿಗಿಂತ ದಪ್ಪ ಪಿನ್ ತೂರಿಸಿ ನಿಲ್ಲಿಸುವ ಸ್ಟ್ಯಾಂಡ್ ನನಗೆ ಹೆಚ್ಚು ಧೈರ್ಯ ಕೊಡುತ್ತದೆ. 2020ರಲ್ಲಿ ಅಮೆರಿಕದಲ್ಲಿ ಲಕ್ಷಗಟ್ಟಲೆ ಸ್ಟ್ಯಾಂಡ್‌ಗಳನ್ನು ವಾಪಸ್ ಕರೆಸಬೇಕಾಯಿತು, ಕೊಕ್ಕೆ ಹಲ್ಲಿಗೆ ಸರಿಯಾಗಿ ಕಚ್ಚದೆ ಭಾರ ಇರುವಾಗಲೇ ಜಾರುವ ಅಪಾಯ ಇತ್ತು. ಕೊಕ್ಕೆಯದ್ದು ಈಗಾಗಲೇ ಇದ್ದರೆ ಎಸೆಯಬೇಕಿಲ್ಲ. ಕಚ್ಚಿದ ಮೇಲೆ ಹಿಡಿಯನ್ನು ಬಲವಾಗಿ ಕೆಳಗೆ ಒತ್ತಿ, ಬಗ್ಗಿ ಕಣ್ಣಲ್ಲಿ ನೋಡಿ ಆಮೇಲೆ ಭಾರ ಬಿಡಿ. ಕೆಲವದಕ್ಕೆ ಹೆಚ್ಚುವರಿ ಪಿನ್ನೂ ಇರುತ್ತದೆ, ಅದನ್ನು ಹಾಕಲು ಮರೆಯಬೇಡಿ.

ಎಲ್ಲಿ ಇಡಬೇಕು ಎನ್ನುವುದು ಗಾಡಿಯ ಮೇಲೆ ಹೋಗುತ್ತದೆ. ಸ್ವಿಫ್ಟ್, ಐ20 ತರಹದ ಗಾಡಿಗಳಿಗೆ ಬಾಗಿಲ ಕೆಳಗೆ ತಗಡಿನ ಅಂಚು ಉದ್ದಕ್ಕೂ ಇಳಿದಿರುತ್ತದೆ. ಮುಂದಿನ ಚಕ್ರದ ಹಿಂದೆ, ಹಿಂದಿನ ಚಕ್ರದ ಮುಂದೆ ಆ ಅಂಚಿನಲ್ಲಿ ಹತ್ತಿರ ಹತ್ತಿರ ಒಂದೊಂದು ಜೋಡಿ ಸಣ್ಣ ಕಚ್ಚು ಇರುತ್ತದೆ. ಆ ಜೋಡಿ ಕಚ್ಚಿನ ನಡುವಿನ ಜಾಗವೇ ಬಲವಾದದ್ದು. ಬೊಲೆರೊ, ಸ್ಕಾರ್ಪಿಯೊ, ಥಾರ್‌ಗೆ ಉದ್ದುದ್ದ ಚಾಸಿಸ್ ತೊಲೆ ಇದೆ, ಅದರಡಿ ಕೊಟ್ಟರೆ ಆಯಿತು. ಆದರೆ ಕರಾವಳಿಯ ಹಳೇ ಗಾಡಿಗೆ ಒಂದು ಹೆಚ್ಚಿನ ಕೆಲಸ ಇದೆ. ಇಡುವ ಮುಂಚೆ ಆ ಅಂಚನ್ನು ಸ್ಕ್ರೂಡ್ರೈವರ್ ತುದಿಯಿಂದ ಚುಚ್ಚಿ ನೋಡಿ. ಪೇಂಟ್ ಉಬ್ಬಿ ಒಳಗೆ ಕರ್‌ಕರ್ ಅಂದರೆ ಅಲ್ಲಿ ತಗಡು ಇಲ್ಲ, ತುಕ್ಕು ಮಾತ್ರ ಇದೆ. ಅಂಥ ಗಾಡಿಯನ್ನು ಯಾವ ಲಿಫ್ಟಿನ ಮೇಲೂ ಆ ಬಿಂದುವಿನಲ್ಲಿ ಎತ್ತಬಾರದು.

ಇಂಟರ್‌ಲಾಕ್ ಅಂಗಳವೇ ಗತಿ ಎಂದಾದರೆ ಪ್ರತಿ ಸ್ಟ್ಯಾಂಡಿನಡಿ ಅಡಿ ಅಗಲದ ಮುಕ್ಕಾಲು ಇಂಚಿನ ಪ್ಲೈವುಡ್ಡೋ ಕಬ್ಬಿಣದ ಪ್ಲೇಟೋ ಹಾಕಿ. ಬೇಸಿಗೆಯಲ್ಲಿ ಡಾಂಬರಿನ ಮೇಲೂ ಹೀಗೇ, ಬಿಸಿಲಿಗೆ ಸ್ಟ್ಯಾಂಡಿನ ಕಾಲು ಡಾಂಬರಿನೊಳಗೆ ಮೆಲ್ಲಗೆ ಹೂಳುತ್ತದೆ. ಇಳಿಜಾರು ಇರುವ ಅಂಗಳದಲ್ಲಿ ಎತ್ತಲೇಬೇಡಿ. ನಮ್ಮಲ್ಲಿ ಮಳೆನೀರು ಹೋಗಲಿ ಅಂತ ಅಂಗಳಕ್ಕೆಲ್ಲ ಇಳಿಜಾರು ಕೊಟ್ಟಿರುತ್ತಾರೆ, ಕಣ್ಣಿಗೆ ಕಾಣುವುದಿಲ್ಲ. ನೀರು ಚೆಲ್ಲಿ ನೋಡಿದರೆ ಗೊತ್ತಾಗುತ್ತದೆ.

ಸ್ಟ್ಯಾಂಡಿನ ಮೇಲೆ ಕೂರಿಸಿದ ಮೇಲೆ, ಒಳಗೆ ಹೋಗುವ ಮುಂಚೆ, ಗಾಡಿಯನ್ನು ಎರಡೂ ಕೈಯಿಂದ ಜೋರಾಗಿ ಅಲುಗಾಡಿಸಿ. ಬೀಳುವುದಿದ್ದರೆ ಆಗಲೇ ಬೀಳಲಿ. ಬಿಚ್ಚಿದ ಚಕ್ರಗಳನ್ನು ಗಾಡಿಯಡಿ ತೂರಿಸಿಡುವ ಅಭ್ಯಾಸ ಯಾಕೆ ಇಟ್ಟುಕೊಂಡಿದ್ದೇನೆ ಅಂತ ಬೇರೆ ಹೇಳಬೇಕಿಲ್ಲ.

ಕೊರತೆ ಏನೆಂದರೆ ಬೆನ್ನು. ನಲವತ್ತೈದು ದಾಟಿದ ಮೇಲೆ ನೆಲದಲ್ಲಿ ಮಲಗಿ ಗೇರ್‌ಬಾಕ್ಸ್ ಇಳಿಸುವುದು ಶಿಕ್ಷೆ.

ತಗ್ಗು ಪೋರ್ಟಬಲ್ ಲಿಫ್ಟ್, ಕತ್ತರಿ ಲಿಫ್ಟ್

ಜಾಕ್‌ಗೂ ದೊಡ್ಡ ಲಿಫ್ಟಿಗೂ ನಡುವೆ ಇರುವ ಈ ಎರಡರ ಬಗ್ಗೆ ನಮ್ಮ ಕಡೆ ಯಾರೂ ಜಾಸ್ತಿ ಮಾತಾಡುವುದಿಲ್ಲ. ನನ್ನ ಮಟ್ಟಿಗೆ ಮನೆಗೆ ಅತಿ ಹೆಚ್ಚು ಹೊಂದುವುದು ಇವೇ.

ಪೋರ್ಟಬಲ್ ಎಂದರೆ ಎರಡು ಉದ್ದ ಕಬ್ಬಿಣದ ಚೌಕಟ್ಟು. ಕಾರಿನ ಎರಡೂ ಬದಿಯಿಂದ ಅಡಿಗೆ ತಳ್ಳಿ, ಒಂದು ಸಣ್ಣ ಪಂಪಿಗೆ ಹೋಸ್ ಜೋಡಿಸಿ ಎತ್ತಿದರೆ ಇಡೀ ಕಾರು ಸಮವಾಗಿ ಒಂದೂವರೆ, ಎರಡು ಅಡಿ ಏಳುತ್ತದೆ. ಎರಡು ಮಟ್ಟದಲ್ಲಿ ಲಾಕ್ ಬೀಳುತ್ತದೆ. ನಾಲ್ಕೂ ಚಕ್ರ ಬಿಚ್ಚಬಹುದು, ನಡುವೆ ಖಾಲಿ ಜಾಗ ಸಿಗುತ್ತದೆ. ಕೆಲಸ ಮುಗಿದರೆ ಗೋಡೆಗೆ ತೂಗುಹಾಕಬಹುದು. ಕೆಲವು ಪಂಪ್ ಕಾರಿನ 12 ವೋಲ್ಟ್ ಬ್ಯಾಟರಿಯಿಂದಲೇ ನಡೆಯುತ್ತದೆ. ಜುಲೈನಲ್ಲಿ ಇದೊಂದು ದೊಡ್ಡ ಸೌಕರ್ಯ, ಯಾಕೆ ಅಂತ ಕೊನೆಗೆ ಹೇಳುತ್ತೇನೆ. ಮಲಗಿಯೇ ಕೆಲಸ ಮಾಡಬೇಕು ನಿಜ, ಆದರೆ ಮುಖಕ್ಕೂ ಗಾಡಿಗೂ ನಡುವೆ ಉಸಿರಾಡುವಷ್ಟು ಜಾಗ ಇರುತ್ತದೆ.

ಕತ್ತರಿ ಲಿಫ್ಟ್ ಮೂರು ಮೂರೂವರೆ ಅಡಿ ಎತ್ತುತ್ತದೆ. ಸ್ಟೂಲ್ ಮೇಲೆ ಕೂತು ಬ್ರೇಕ್, ಸಸ್ಪೆನ್ಷನ್ ಕೆಲಸ ಆರಾಮಾಗಿ ಮಾಡಬಹುದು. ಆದರೆ ಅದರ ಯಂತ್ರವೇ ಗಾಡಿಯ ಹೊಟ್ಟೆಯಡಿ ಕೂತಿರುವುದರಿಂದ ಗೇರ್‌ಬಾಕ್ಸ್, ಸೈಲೆನ್ಸರ್ ಕೆಲಸಕ್ಕೆ ಅಡ್ಡ. ಕತ್ತರಿಯ ಕಾಲುಗಳ ನಡುವೆ ಕೈ, ಕಾಲು, ವಯರ್ ಯಾವುದೂ ಇರಬಾರದು, ಇಳಿಯುವಾಗ ಅದು ನಿಜವಾದ ಕತ್ತರಿ. ಸಮುದ್ರದ ಹತ್ತಿರ ಇದ್ದರೆ ಅದರ ತಳಚೌಕಟ್ಟಿನಲ್ಲಿ ನೀರು ನಿಲ್ಲದ ಹಾಗೆ ನೋಡಿಕೊಳ್ಳಿ. ಕೀಲಿನ ಪಿನ್ ತುಕ್ಕು ಹಿಡಿದರೆ ಒಂದು ಬದಿ ಏಳುತ್ತದೆ, ಇನ್ನೊಂದು ಬದಿ ತಡೆಯುತ್ತದೆ.

ಎರಡು ಕಂಬದ ಲಿಫ್ಟ್: ಎಲ್ಲರ ಕನಸು ಇದೇ

ಗ್ಯಾರೇಜ್‌ನಲ್ಲಿ ನೋಡಿ ನೋಡಿ 'ಲಿಫ್ಟ್' ಎಂದರೆ ನಮಗೆ ಇದೇ ಕಣ್ಣಿಗೆ ಬರುತ್ತದೆ. ಕಂಬಗಳಿಂದ ಚಾಚಿದ ನಾಲ್ಕು ತೋಳಿನಲ್ಲಿ ಕಾರನ್ನು ಆರಡಿ ಎತ್ತುತ್ತದೆ, ನಿಂತು ಕೆಲಸ ಮಾಡಬಹುದು, ಅಡಿಯೆಲ್ಲ ಖಾಲಿ, ಚಕ್ರಗಳು ತೂಗುತ್ತಿರುತ್ತವೆ. ಸಾಮಾನ್ಯವಾಗಿ ನಾಲ್ಕು ಟನ್‌ನ ಲಿಫ್ಟ್ ಸಿಗುತ್ತದೆ. ಸ್ವಿಫ್ಟ್ 900 ಕೆಜಿ ಆಸುಪಾಸು, ಬೊಲೆರೊ 1600ರ ಹತ್ತಿರ, ಇನ್ನೋವಾ ಕ್ರಿಸ್ಟಾ 1800 ಮುಟ್ಟುತ್ತದೆ. ಅಂದರೆ ಲಿಫ್ಟಿನ ತಾಕತ್ತು ಮನೆಯ ಗಾಡಿಗೆ ಎಂದೂ ಸಮಸ್ಯೆ ಅಲ್ಲ. ಸಮಸ್ಯೆ ಇರುವುದು ಕಂಬದ ಬುಡದಲ್ಲಿ.

ತುಂಬಿದ ಕೊಡವನ್ನು ಸೊಂಟಕ್ಕೆ ಒತ್ತಿ ಹಿಡಿಯಿರಿ, ಆಮೇಲೆ ಅದನ್ನೇ ಕೈ ಚಾಚಿ ಹಿಡಿಯಿರಿ. ಭಾರ ಅಷ್ಟೇ, ಆದರೆ ಭುಜ ಕಿತ್ತುಬರುತ್ತದೆ. ಎರಡು ಕಂಬದ ಲಿಫ್ಟ್ ಇಡೀ ದಿನ ಹೀಗೆ ಕೈಚಾಚಿ ನಿಂತಿರುತ್ತದೆ. ಕಂಬ ಒಳಕ್ಕೆ ವಾಲಲು ನೋಡುತ್ತದೆ, ಬುಡದ ಹೊರಬದಿಯ ಬೋಲ್ಟುಗಳು ನೆಲದಿಂದ ಮೇಲೆದ್ದು ಬರಲು ನೋಡುತ್ತವೆ. ಅವನ್ನು ಹಿಡಿದಿಡುವುದು ಕಾಂಕ್ರೀಟ್ ಒಂದೇ. ತೆಳು ನೆಲವಾದರೆ ಬೋಲ್ಟ್ ತನ್ನ ಸುತ್ತಲ ಕಾಂಕ್ರೀಟನ್ನು ಬಟ್ಟಲಿನ ಆಕಾರದಲ್ಲಿ ಕಿತ್ತುಕೊಂಡೇ ಬರುತ್ತದೆ.

ಕನಿಷ್ಠ ನಾಲ್ಕು ಇಂಚು ಎಂದು ಕೆಲವು ಮ್ಯಾನುಯಲ್ ಹೇಳುತ್ತವೆ, ಆರೋ ಎಂಟೋ ಇಂಚು ಎಂದು ಇನ್ನು ಕೆಲವು. ನಮ್ಮ ಮಣ್ಣಿಗೆ ನಾಲ್ಕು ಇಂಚಿನ ಮಾತು ಮರೆತುಬಿಡಿ. ಕಂಬ ಬರುವ ಜಾಗದಲ್ಲಿ ಹಳೇ ನೆಲ ಒಡೆದು, ಗಟ್ಟಿ ಮಣ್ಣು ಸಿಗುವವರೆಗೆ ತೋಡಿ, ಕಬ್ಬಿಣ ಕಟ್ಟಿ, ಎಂ25 ಕಾಂಕ್ರೀಟ್ ಎಂಟು ಇಂಚಿಗೆ ಕಡಿಮೆ ಇಲ್ಲದಂತೆ ಹಾಕಿಸಿ. ಎರಡು ಕಂಬಕ್ಕೆ ಬೇರೆ ಬೇರೆ ಗುಂಡಿ ತೋಡುವುದಕ್ಕಿಂತ ಎರಡನ್ನೂ ಸೇರಿಸಿ ಒಂದೇ ಸ್ಲ್ಯಾಬ್ ಆಗಬೇಕು. ಇಲ್ಲದಿದ್ದರೆ ಮಳೆಗಾಲದಲ್ಲಿ ಒಂದು ಕಂಬ ಮಾತ್ರ ಇಳಿಯುತ್ತದೆ. ಎಂ25 ಎಂದರೆ 28 ದಿನಕ್ಕೆ ಚದರ ಮಿಲಿಮೀಟರಿಗೆ 25 ನ್ಯೂಟನ್ ತಡೆಯುವ ಕಾಂಕ್ರೀಟ್. ಆ 28 ದಿನ ಕಾಯಲೇಬೇಕು. ವಾರಕ್ಕೇ ನೆಲ ಗಟ್ಟಿಯಾದ ಹಾಗೆ ಕಾಣುತ್ತದೆ, ಲಿಫ್ಟ್ ಬಂದು ಅಂಗಳದಲ್ಲಿ ಮಲಗಿರುತ್ತದೆ, ಕೂರಿಸುವ ಹುಡುಗರು 'ಆಯ್ತಲ್ಲ, ಇವತ್ತೇ ಹಾಕಿಬಿಡುವ' ಅನ್ನುತ್ತಾರೆ. ಅವರನ್ನು ಚಹಾ ಕೊಟ್ಟು ಕಳಿಸಿ. ಹಳೇ ನೆಲದ ಬಿರುಕು, ಸ್ಲ್ಯಾಬಿನ ಅಂಚು ಬೋಲ್ಟಿನಿಂದ ಆರು ಇಂಚಾದರೂ ದೂರ ಇರಬೇಕು. ಟೈಲ್ಸ್ ಮೇಲಿಂದ ಕೊರೆದು ಬೋಲ್ಟ್ ಹಾಕುವವರನ್ನು ಗೇಟಿನೊಳಗೇ ಬಿಡಬೇಡಿ.

ಶಿರಸಿ ಕಡೆಯ ನಮ್ಮ ಭಾವನ ಮನೆಯಲ್ಲಿ ಇದೇ ಆಯಿತು. ಹಳೇ ನೆಲಕ್ಕೇ ಕೂರಿಸಲು ಬಂದರು. ಎರಡನೇ ಬೋಲ್ಟ್ ಬಿಗಿಯುವಾಗ ಟಾರ್ಕ್ ವ್ರೆಂಚ್ ಕ್ಲಿಕ್ ಅನ್ನಲೇ ಇಲ್ಲ, ಬೋಲ್ಟ್ ಸುಮ್ನೆ ತಿರುಗುತ್ತಲೇ ಇತ್ತು. ಕೆಳಗೆ ಹಿಡಿತವೇ ಇಲ್ಲ. ಅವನು ಅಲ್ಲಿಗೇ ನಿಲ್ಲಿಸಿದ. ಸ್ಲ್ಯಾಬ್ ಹೊಸದಾಗಿ ಹಾಕಿಸಿ, ತಿಂಗಳು ಕಾದು, ಅಡಿಕೆ ಕೊಯ್ಲು ಮುಗಿದ ಮೇಲೆ ಕೂರಿಸಿದ. ಬೋಲ್ಟ್ ತಿರುಗಿದ್ದು ಒಂದು ಲೆಕ್ಕದಲ್ಲಿ ಅದೃಷ್ಟವೇ. ಅರ್ಧಂಬರ್ಧ ಹಿಡಿದಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ.

ಎತ್ತರದ ಲೆಕ್ಕ ಸುಲಭ. ಲಿಫ್ಟ್ ಆರಡಿ, ಸ್ವಿಫ್ಟ್ ಐದಡಿ, ಹನ್ನೊಂದಾಯಿತು. ಬೊಲೆರೊ ಆರಡಿ ದಾಟುವುದರಿಂದ ಹನ್ನೆರಡೂವರೆ ಬೇಕು. ಕಾಂಕ್ರೀಟ್ ಪೋರ್ಟಿಕೊಗಳು ಒಂಬತ್ತು ಹತ್ತು ಅಡಿಗೆ ಮುಗಿಯುತ್ತವೆ. ಇಲ್ಲಿ ನಮ್ಮ ಹಳೇ ಹಂಚಿನ ಮಾಡಿಗೆ ಒಂದು ಲಾಭ ಇದೆ. ಗೋಡೆ ಹತ್ತಿರ ತಗ್ಗಾದರೂ ನಡುವೆ ಮಾಡಿನ ನೆತ್ತಿಯಡಿ ಹದಿನಾಲ್ಕು ಅಡಿವರೆಗೂ ಸಿಗುತ್ತದೆ, ಕಾರಿನ ಚಾವಣಿ ಸರಿಯಾಗಿ ಅಲ್ಲೇ ಬರುವ ಹಾಗೆ ಕೂರಿಸಬಹುದು. ಹಂಚು ಹೊರುವ ಪಕಾಸು, ರೀಪು ನೋಡಿಕೊಂಡು, ಕಾರು ಅಲ್ಲಿಗೆ ತಾಗುವ ಮುಂಚೆ ನಿಲ್ಲಿಸುವ ಮಿತಿ ಸ್ವಿಚ್ ಹಾಕಿಸಿ. ಅಗಲ ಹನ್ನೆರಡು ಅಡಿಗೆ ಕಡಿಮೆ ಇದ್ದರೆ ಬಾಗಿಲು ತೆಗೆಯಲೂ ಒದ್ದಾಟ.

ಈಗ ಬಳಕೆ. ಇಲ್ಲಿ ಸ್ವಲ್ಪ ನಿಧಾನ ಹೇಳುತ್ತೇನೆ, ಲಿಫ್ಟಿನಿಂದ ಬೀಳುವ ಕಾರುಗಳ ಕಥೆ ಬಹುತೇಕ ಮೊದಲ ಎರಡು ನಿಮಿಷದಲ್ಲೇ ಬರೆದುಹೋಗಿರುತ್ತದೆ. ಎಂಜಿನ್ ಮುಂದಿರುವುದರಿಂದ ಕಾರಿನ ತೂಕದ ನಡು ಅದರ ಉದ್ದದ ನಡುವಿಗಿಂತ ಮುಂದೆ ಇರುತ್ತದೆ. ಕಂಬದ ಸಾಲಿಗೆ ಬರಬೇಕಾದದ್ದು ಆ ತೂಕದ ನಡು. ಡಿಕ್ಕಿಯಲ್ಲಿ ಎರಡು ಚೀಲ ಅಡಿಕೆ ಇದ್ದರೆ ಈ ಲೆಕ್ಕವೇ ತಪ್ಪುತ್ತದೆ, ಮೊದಲು ಇಳಿಸಿ. ನಾಲ್ಕು ತೋಳನ್ನೂ ಒಳಗೆ ತಿರುಗಿಸಿ, ತುದಿಯ ರಬ್ಬರ್ ಪ್ಯಾಡನ್ನು ಕಂಪನಿ ಗುರುತಿಸಿದ ಬಿಂದುವಿಗೆ ತಂದು, ಪ್ರತಿಯೊಂದರ ಎತ್ತರ ತಿರುಗಿಸಿ ಸಮ ಮಾಡಿ. ತೋಳು ಪಕ್ಕಕ್ಕೆ ಸರಿಯದಂತೆ ತಡೆಯುವ ಹಲ್ಲು ನಾಲ್ಕು ಕಡೆಯೂ ಕಚ್ಚಿದೆಯೇ ಅಂತ ಕಾಲಿನಿಂದ ಒದ್ದು ನೋಡಿ.

ಟಯರ್ ನೆಲ ಬಿಟ್ಟು ನಾಲ್ಕು ಬೆರಳು ಎದ್ದ ಕೂಡಲೇ ನಿಲ್ಲಿಸಿ. ಸುತ್ತ ಹೋಗಿ, ಬಗ್ಗಿ ನಾಲ್ಕೂ ಪ್ಯಾಡ್ ನೋಡಿ. ಬಂಪರ್ ಹಿಡಿದು ಮುಂದೆ ಹಿಂದೆ ಅಲುಗಿಸಿ. ಒಂದು ಪ್ಯಾಡ್ ಅರ್ಧ ಮಾತ್ರ ತಾಗಿದ್ದರೂ ಕೆಳಗಿಳಿಸಿ ಮತ್ತೆ ಮೊದಲಿನಿಂದ. ಇದಕ್ಕೆ ಬೇಸರ ಪಡುವ ದಿನ ಲಿಫ್ಟ್ ಮುಟ್ಟಬಾರದು. ಎಲ್ಲ ಸರಿ ಇದ್ದರೆ ಬೇಕಾದಷ್ಟು ಏರಿಸಿ, ಎರಡೂ ಕಂಬದಿಂದ ಟಕ್ ಟಕ್ ಅಂತ ಲಾಕಿನ ಸದ್ದು ಬರುತ್ತಿರಬೇಕು. ಒಂದೇ ಕಂಬದಿಂದ ಬಂದರೆ ಎರಡೂ ಬದಿಯನ್ನು ಸಮವಾಗಿಡುವ ಉಕ್ಕಿನ ಕೇಬಲ್ ಸಡಿಲವಾಗಿರಬಹುದು, ಕೆಲಸ ನಿಲ್ಲಿಸಿ. ಬೇಕಾದ ಎತ್ತರ ಮುಟ್ಟಿದ ಮೇಲೆ ಇಳಿಸುವ ಹಿಡಿ ಒತ್ತಿ, ಕಾರನ್ನು ಆ ಲಾಕಿನ ಮೇಲೆ ಇಳಿಸಿ ಕೂರಿಸಿ. ಹಲವರು ಈ ಕೊನೆಯ ಕೆಲಸ ಬಿಡುತ್ತಾರೆ. ಟಕ್ ಅಂದಿತಲ್ಲ, ಸಾಕು ಅಂತಾರೆ. ಟಕ್ ಅಂದದ್ದು ಲಾಕ್ ಇದೆ ಎಂದು ಹೇಳಲಿಕ್ಕೆ. ಭಾರ ಇನ್ನೂ ಎಣ್ಣೆಯ ಮೇಲೇ ಇದೆ.

ಎರಡು ಕಂಬದ ಲಾಕನ್ನೂ ಒಂದೇ ಹಿಡಿಯಿಂದ ಬಿಡಿಸುವ ಮಾಡೆಲ್ ಇದೆ, ಒಂದೊಂದು ಕಂಬಕ್ಕೆ ಹೋಗಿ ಬಿಡಿಸುವ ಮಾಡೆಲ್ ಇದೆ. ಎರಡನೆಯದು ಕಿರಿಕಿರಿ ಅನ್ನುತ್ತಾರೆ. ಮನೆಗೆ ನನಗೆ ಅದೇ ಇಷ್ಟ, ಆಚೆ ಬದಿಗೆ ನಡೆದು ಹೋಗುವಾಗ ಗಾಡಿಯಡಿ ಇಣುಕುತ್ತೇವೆ. ಅಲ್ಲಿ ಬೆಕ್ಕೋ ಮಗುವೋ ಸ್ಟೂಲೋ ಇದ್ದರೆ ಕಾಣುತ್ತದೆ.

ಎಂಜಿನ್, ಗೇರ್‌ಬಾಕ್ಸ್, ಹಿಂದಿನ ಆಕ್ಸಲ್ ತೆಗೆಯುವುದಿದ್ದರೆ ಆರಡಿ ಎತ್ತರದ ಊರೆಗೋಲು ಸ್ಟ್ಯಾಂಡ್ ಇನ್ನೊಂದು ತುದಿಗೆ ಕೊಡಬೇಕು. ನೂರು ಕೆಜಿ ಮುಂದಿನಿಂದ ಹೋದರೆ ಗಾಡಿ ಹಿಂದಕ್ಕೆ ತೂಗುತ್ತದೆ. ಕಾರು ಜಾರಲು ಶುರುವಾದರೆ ಹಿಡಿಯಲು ಹೋಗಬೇಡಿ, ಓಡಿ. ಓಡಲು ದಾರಿ ಇರಬೇಕು, ಹಾಗಾಗಿ ಲಿಫ್ಟ್ ಸುತ್ತ ಗೊಬ್ಬರದ ಚೀಲ, ಅಡಿಕೆ ಹಾಳೆ, ದಬ್ಬೆ ಪೇರಿಸಿಡಬೇಡಿ.

ನಾಲ್ಕು ಕಂಬ, ಮತ್ತೆ ಹಳೇ ಹೊಂಡ

ನಾಲ್ಕು ಕಂಬದ ಲಿಫ್ಟಿನಲ್ಲಿ ಕಾರು ತನ್ನ ಚಕ್ರದ ಮೇಲೇ ಹಲಗೆ ಹತ್ತಿ ನಿಲ್ಲುತ್ತದೆ. ಪ್ಯಾಡ್ ಹುಡುಕುವ ತಲೆಬಿಸಿ ಇಲ್ಲ, ತುಕ್ಕು ಹಿಡಿದ ಅಂಚಿನ ಭಯ ಇಲ್ಲ, ಬೋಲ್ಟ್ ಕಿತ್ತುಬರುವ ಎಳೆತವೂ ಕಡಿಮೆ. ಮೊದಲ ಸಲ ಲಿಫ್ಟ್ ಬಳಸುವವರಿಗೆ ತಪ್ಪು ಮಾಡುವುದು ಇದರಲ್ಲೇ ಕಷ್ಟ. ಮೇಲೊಂದು ಕೆಳಗೊಂದು ಕಾರು ನಿಲ್ಲಿಸಬಹುದು, ಗಲ್ಫಿನಲ್ಲಿ ಇರುವವರು ಊರಿಗೆ ಬಂದಾಗ ಮಾತ್ರ ಓಡಿಸುವ ಗಾಡಿಗೆ ಸರಿಯಾದ ಜಾಗ. ಆದರೆ ಚಕ್ರ ಬಿಚ್ಚಬೇಕಾದರೆ ಹಲಗೆಗಳ ನಡುವೆ ಇನ್ನೊಂದು ಜಾಕ್ ಬೇಕು, ಅದಕ್ಕೆ ಬೇರೆ ದುಡ್ಡು. ಉದ್ದವೂ ಬಹಳ ತಿನ್ನುತ್ತದೆ. ಹ್ಯಾಂಡ್‌ಬ್ರೇಕ್ ಹಾಕಿ, ಚಕ್ರಕ್ಕೆ ಅಡೆ ಕೊಡಿ, ಮೇಲಿನ ಕಾರಿನ ಎಣ್ಣೆ ಕೆಳಗಿನ ಕಾರಿನ ಮೇಲೆ ಸೋರದಂತೆ ತಟ್ಟೆ ಇಡಿ. ಅಷ್ಟೇ.

ಕಾರನ್ನು ಮೇಲೆ ನಿಲ್ಲಿಸಿ, ಕೆಳಗಿಳಿದು ಕೆಲಸ ಮಾಡುವ ಹೊಂಡದ ಬಗ್ಗೆ ಕೇಳುವವರು ಇನ್ನೂ ಇದ್ದಾರೆ. ಅಗ್ಗ, ಕರೆಂಟ್ ಬೇಡ, ಬೀಳುವ ಲಿಫ್ಟೇ ಇಲ್ಲ. ಆದರೆ ಕರಾವಳಿಯಲ್ಲಿ ಜೂನ್ ಎರಡನೇ ವಾರಕ್ಕೆ ಅದು ಬಾವಿಯಾಗುತ್ತದೆ. ಪೆಟ್ರೋಲ್ ಆವಿ ಗಾಳಿಗಿಂತ ಭಾರ, ಹೊಂಡದ ತಳದಲ್ಲಿ ಕೂರುತ್ತದೆ, ಒಂದು ಹ್ಯಾಂಡ್‌ಲ್ಯಾಂಪ್ ಬಲ್ಬ್ ಒಡೆದರೆ ಸಾಕು. ಘಟ್ಟದ ಮೇಲೆ ಗಟ್ಟಿ ಚಿರೆ ನೆಲ ಇದ್ದು, ನೀರು ಹೋಗುವ ದಾರಿ ಇದ್ದರೆ ಬೇಕಾದರೆ ಯೋಚಿಸಿ. ಇಳಿಯುವ ಮುಂಚೆ ಹಾವು ನೋಡಿಕೊಳ್ಳಿ, ತಮಾಷೆಗೆ ಹೇಳುತ್ತಿಲ್ಲ.

ಸೆಕೆಂಡ್ ಹ್ಯಾಂಡ್ ಮತ್ತು ಉಪ್ಪುಗಾಳಿ

ಮುಚ್ಚಿದ ಗ್ಯಾರೇಜುಗಳ ಹಳೇ ಲಿಫ್ಟ್ ಹುಬ್ಬಳ್ಳಿಯಿಂದಲೋ ಗೋವಾದಿಂದಲೋ ಅರ್ಧ ಬೆಲೆಗೆ ಸಿಗುತ್ತದೆ. ಹುಬ್ಬಳ್ಳಿಯದ್ದಾದರೆ ನೋಡಬಹುದು. ಸಮುದ್ರದ ಬದಿಯದ್ದಾದರೆ ಬಹಳ ಹುಷಾರು. ಕಂಬದ ಬುಡದ ಪ್ಲೇಟ್ ಕೆರೆದು ನೋಡಿ, ವರ್ಷಗಟ್ಟಲೆ ವಾಷಿಂಗ್ ನೀರು ಅಲ್ಲೇ ನಿಂತಿರುತ್ತದೆ. ಕೇಬಲ್ ಮೇಲೆ ಹತ್ತಿ ಬಟ್ಟೆ ಸುತ್ತಿ ಉದ್ದಕ್ಕೂ ಎಳೆಯಿರಿ. ಬಟ್ಟೆ ಎಲ್ಲಾದರೂ ಸಿಕ್ಕಿಕೊಂಡರೆ ಅಲ್ಲಿ ಎಳೆ ತುಂಡಾಗಿದೆ, ಬರಿಗೈಯಲ್ಲಿ ಎಳೆದರೆ ಅಂಗೈ ಸೀಳುತ್ತದೆ. ಸಿಲಿಂಡರ್ ದಂಡದ ಮೇಲೆ ಸಿಡುಬಿನ ಕಲೆ ತರಹ ಚುಕ್ಕಿ ಇದ್ದರೆ ಸೀಲ್ ಹೆಚ್ಚು ದಿನ ಬಾಳುವುದಿಲ್ಲ. ತೋಳು, ಕಂಬದಲ್ಲಿ ಮತ್ತೆ ವೆಲ್ಡ್ ಮಾಡಿದ ಗುರುತು ಕಂಡರೆ ಮಾತು ಮುಂದುವರಿಸಬೇಡಿ. ಹೊಸದಾದರೆ ಲಿಫ್ಟಿಗೆ ಇರುವ ಯುರೋಪಿನ ಮಾನದಂಡ ಇಎನ್ 1493 ಅಥವಾ ಅಮೆರಿಕದ ಲಿಫ್ಟ್ ಸಂಸ್ಥೆ ಎಎಲ್ಐಯ ಪ್ರಮಾಣಪತ್ರ ಕೇಳಿ. ಬರೀ ಸಿಇ ಸ್ಟಿಕರ್ ಯಾರು ಬೇಕಾದರೂ ಅಂಟಿಸಬಹುದು.

ಅಮೆರಿಕದ ನಿಯಮದಲ್ಲಿ ಲಿಫ್ಟನ್ನು ವರ್ಷಕ್ಕೊಮ್ಮೆ ತಿಳಿದವರಿಂದ ಪರೀಕ್ಷೆ ಮಾಡಿಸಬೇಕು. ನಮ್ಮ ಕಡೆಗೆ ನಾನು ಎರಡು ಸಲ ಅನ್ನುತ್ತೇನೆ, ಮೇ ತಿಂಗಳಲ್ಲಿ ಒಮ್ಮೆ, ದಸರಾ ಆಯುಧಪೂಜೆಗೆ ಒಮ್ಮೆ. ಹೇಗೂ ಆವತ್ತು ಕುಂಕುಮ ಹಚ್ಚಲು ಹತ್ತಿರ ಹೋಗುತ್ತೇವೆ, ಜೊತೆಗೆ ಬೋಲ್ಟ್ ಬಿಗಿ ನೋಡಿ, ಕೇಬಲ್ ಒರೆಸಿ ಎಣ್ಣೆ ಹಚ್ಚಿದರಾಯಿತು. ತೆರೆದ ಶೆಡ್‌ನಲ್ಲಿ, ಇರಚಲು ಹೊಡೆಯುವ ಕಡೆ ಲಿಫ್ಟ್ ಇಡಬೇಡಿ. ಬಹುತೇಕ ಲಿಫ್ಟ್‌ಗಳು ಒಳಾಂಗಣಕ್ಕೆಂದೇ ಮಾಡಿದವು.

ಕರೆಂಟು

ಎರಡು ಕಂಬದ ಲಿಫ್ಟಿನ ಮೋಟಾರ್ ಸಾಮಾನ್ಯವಾಗಿ 2.2 ಕಿಲೋವ್ಯಾಟ್, ಅಂದರೆ ಮೂರು ಎಚ್‌ಪಿ. ಮಿಕ್ಸಿ ಹಾಕುವ ಪ್ಲಗ್ಗಿಗೆ ಎಕ್ಸ್‌ಟೆನ್ಷನ್ ಎಳೆದು ನಡೆಸುವಂಥದ್ದಲ್ಲ. ಬೋರ್ಡಿನಿಂದಲೇ ದಪ್ಪ ವಯರ್, ಹೆಚ್ಚು ಕರೆಂಟ್ ಹರಿದರೆ ತಾನೇ ಕಡಿಯುವ ಬೇರೆ ಎಂಸಿಬಿ, ಅರ್ತಿಂಗ್, ಕರೆಂಟ್ ಸೋರಿದರೆ ಕಡಿಯುವ ಆರ್‌ಸಿಸಿಬಿ ಬೇಕು. ಒದ್ದೆ ನೆಲದಲ್ಲಿ ನಿಂತು ಕಬ್ಬಿಣ ಹಿಡಿಯುವ ಕೆಲಸ ಇದು. ಬೀಗ ಹಾಕಬಹುದಾದ ಮೇನ್ ಸ್ವಿಚ್ ಹಾಕಿಸಿ, ಮಕ್ಕಳಿಗೆ ಅದರ ಬಟನ್ ಆಟಿಕೆ. ತೋಟದ ಪಂಪ್‌ಸೆಟ್ಟಿಗೆ ಬಂದ ಮೂರು ಫೇಸಿನಿಂದ ಎಳೆಯುವ ಯೋಚನೆ ಬೇಡ, ಅದು ನೀರಾವರಿಗೆ ಮಾತ್ರ ಕೊಟ್ಟ ಸಂಪರ್ಕ.

ಇನ್ನೊಂದು ವಿಷಯ ಕೊಳ್ಳುವ ಮುಂಚೆ ಯಾರೂ ಹೇಳುವುದಿಲ್ಲ. ಕಾರು ಲಾಕಿನ ಮೇಲೆ ಕೂತಿದ್ದರೆ ಅದನ್ನು ಕೆಳಗಿಳಿಸಲು ಮೊದಲು ಒಂದೆರಡು ಇಂಚು ಮೇಲೆತ್ತಬೇಕು, ಆಗಲೇ ಲಾಕ್ ಬಿಡುವುದು. ಮೇಲೆತ್ತಲು ಕರೆಂಟು ಬೇಕು. ಮನೆಯ ಇನ್ವರ್ಟರ್ ಈ ಮೋಟಾರನ್ನು ಎಬ್ಬಿಸುವುದಿಲ್ಲ. ಕೈಪಂಪ್ ಜೋಡಿಸಲು ಬರುತ್ತದೆಯೇ ಅಂತ ಮೊದಲೇ ಕೇಳಿಕೊಳ್ಳಿ.

ಭಾವ ಕೇಳಿರಲಿಲ್ಲ. ಕಳೆದ ಮಳೆಗಾಲದಲ್ಲಿ ಮಧ್ಯಾಹ್ನ ಕಾರು ಏರಿಸಿ ಬ್ರೇಕ್ ಪೈಪ್ ಬದಲಿಸಿದ, ಮೂರು ಗಂಟೆಗೆ ಗಾಳಿಗೆ ಎಲ್ಲೋ ಮರ ಬಿದ್ದು ಲೈನ್ ಹೋಯಿತು. ಪಕ್ಕದ ಮನೆಯವರು ಬಂದು, ಒಂದೊಂದು ತೋಳಿನಡಿ ಜಾಕ್ ಕೊಟ್ಟು ಸ್ವಲ್ಪ ಎತ್ತಿ ಲಾಕ್ ಬಿಡಿಸುವ ಅಂದರು. ಅವನು ಒಪ್ಪಲಿಲ್ಲ. ಒಂದು ಬದಿ ಬಿಟ್ಟು ಇನ್ನೊಂದು ಬದಿ ಬಿಡದಿದ್ದರೆ ಗಾಡಿ ಓರೆಯಾಗಿ ಬರುತ್ತದೆ ಎನ್ನುವುದು ಅವನಿಗೆ ಗೊತ್ತಿತ್ತು. ಮೇನ್ ಸ್ವಿಚ್ ಆಫ್ ಮಾಡಿ, ಬೀಗ ಹಾಕಿ, ಶೆಡ್ ಬಾಗಿಲು ಎಳೆದುಕೊಂಡು ಒಳಗೆ ಹೋದ. ಕರೆಂಟು ಬಂದದ್ದು ಮರುದಿನ ಸಂಜೆ. ಅಷ್ಟರಲ್ಲಿ ಅವನು ಬೆಳಗ್ಗೆ ಕೊಡೆ ಹಿಡಿದು ಬಸ್ಸಿನಲ್ಲಿ ಶಿರಸಿಗೆ ಹೋಗಿ, ಅಡಿಕೆ ಮಂಡಿಯ ಕೆಲಸ ಮುಗಿಸಿ, ಬರುವಾಗ ಕೈಪಂಪಿನ ರೇಟು ಕೇಳಿಕೊಂಡು ಬಂದಿದ್ದ.